ದಮ್ಮು ಹತ್ತುವುದೇಕೆ?

ನಿಪ್ಪಾಣಿಯ ಪೇಟೆಯಲ್ಲಿ ಒಮ್ಮೆ ಹಾಯ್ದುಹೋದವರಿಗೆ ತಂಬಾಕಿನ ವಾಸನೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ವಖಾರಿಯ ಬಾಗಿಲು ತೆರೆದರೆ ಮೊದಲು ಸೀನು ಬರುತ್ತದೆ, ಆಮೇಲೆ ಕೆಮ್ಮು. ಊರಿನವರು ಅದಕ್ಕೆ ಒಗ್ಗಿಹೋಗಿದ್ದಾರೆ. ಹಾಗೆಯೇ ಒಗ್ಗಿಹೋದ ಇನ್ನೊಂದು ಮಾತುಂಟು, ಅದು 'ದಮ್ಮು.' ಅಜ್ಜಿ ನಾಲ್ಕು ಮೆಟ್ಟಿಲು ಹತ್ತಿ ಗೋಡೆಗೆ ಕೈ ಕೊಟ್ಟು ನಿಲ್ಲುತ್ತಾಳೆ. "ಯಾಕವ್ವಾ?" ಎಂದು ಕೇಳಿದರೆ, "ಏನಿಲ್ಲೋ ತಮ್ಮಾ, ವಯಸ್ಸಾತು, ದಮ್ಮು ಹತ್ತತೈತಿ" ಎನ್ನುತ್ತಾಳೆ. ಅದೇ ಮನೆಯಲ್ಲಿ ಮೂರು ತಿಂಗಳ ಕೂಸು ಎರಡು ಗುಟುಕು ಹಾಲು ಕುಡಿದು ಬಾಯಿ ಬಿಡುತ್ತದೆ, ಹಣೆಯ ಮೇಲೆ ಬೆವರು ಮೂಡುತ್ತದೆ. "ಕೂಸು ಅಶಕ್ತ ಐತಿ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಈ ಎರಡು ಉತ್ತರಗಳೂ ಪ್ರೀತಿಯಿಂದ ಬಂದವು. ಆದರೆ ವಯಸ್ಸು, ಅಶಕ್ತತನ ಎಂಬ ಮಾತುಗಳಲ್ಲಿ ದಮ್ಮಿಗೆ ಕಾರಣ ಸಿಗುವುದಿಲ್ಲ. ಅಜ್ಜಿಗೂ ಮೊಮ್ಮಗುವಿಗೂ ಒಂದೇ ಜಾಗದಲ್ಲಿ ಕೆಡುಕಾಗಿರಬಹುದು. ಆ ಜಾಗವೆಂದರೆ ಶ್ವಾಸಕೋಶದ ಒಳಗಿನ ರಕ್ತನಾಳಗಳು. ಶ್ವಾಸಕೋಶವೆಂದೊಡನೆ ನಾವು ಗಾಳಿಯ ಕೊಳವೆಗಳನ್ನು ನೆನೆಯುತ್ತೇವೆ. ಉಬ್ಬಸ, ಕಫ, ಕ್ಷಯ ಇವು ನಮಗೆ ಗೊತ್ತು. ಅಲ್ಲಿ ಹರಿಯುವ ರಕ್ತದ ಕೊಳವೆಗಳಿಗೂ ಬೇನೆ ಬರುತ್ತದೆ ಎಂಬುದನ್ನು ಅರಿತವರು ಕಡಿಮೆ. ಇಂದಿನ ಮಾತು ಅದನ್ನು ಕುರಿತದ್ದು.

ನಮ್ಮ ಗುಂಡಿಗೆ ನೋಡಲು ಒಂದೇ ಆದರೂ ಕೆಲಸದಲ್ಲಿ ಎರಡು ಪಂಪುಗಳ ಜೋಡಿ. ಎಡಗಡೆಯ ಪಂಪು ಇಡೀ ಶರೀರಕ್ಕೆ ರಕ್ತ ಕಳಿಸುತ್ತದೆ. ಬಲಗಡೆಯದು ಶ್ವಾಸಕೋಶಕ್ಕೆ ಮಾತ್ರ ಕಳಿಸುತ್ತದೆ. ಅಲ್ಲಿ ರಕ್ತ ಪ್ರಾಣವಾಯುವನ್ನು ತುಂಬಿಕೊಂಡು ಮರಳಿ ಎಡಗಡೆಗೆ ಬರುತ್ತದೆ. ಬೆಳೆದವರಲ್ಲಿ ವಿಶ್ರಾಂತಿಯ ವೇಳೆಗೆ ನಿಮಿಷಕ್ಕೆ ಸುಮಾರು 5 ಲೀಟರು ರಕ್ತ ಎರಡೂ ಕಡೆ ಹರಿಯುತ್ತದೆ. ಪ್ರಮಾಣ ಒಂದೇ, ಒತ್ತಡ ಮಾತ್ರ ಬೇರೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಒತ್ತಡ 120ಕ್ಕೆ 80 ಇರುವಾಗ, ಶ್ವಾಸಕೋಶದ ಧಮನಿಯಲ್ಲಿ ಅದು ಸುಮಾರು 25ಕ್ಕೆ 10. ಸರಾಸರಿ ತೆಗೆದರೆ 14ರ ಆಸುಪಾಸು. ಶ್ವಾಸಕೋಶದ ನಾಳಗಳು ಮೆತ್ತಗೆ, ಅಗಲವಾಗಿರುವುದರಿಂದ ಅಷ್ಟು ಸಣ್ಣ ಒತ್ತಡವೇ ಸಾಕು. ಆದುದರಿಂದ ಗುಂಡಿಗೆಯ ಬಲಗಡೆಯ ಗೋಡೆಯೂ ತೆಳುವಾಗಿರುತ್ತದೆ, ಎಡಗಡೆಯದರ ಮೂರನೆಯ ಒಂದು ಭಾಗದಷ್ಟು ದಪ್ಪ. ಹೆಚ್ಚಿನ ಭಾರ ಹೊರಲು ಹುಟ್ಟಿದ ಪಂಪು ಅದಲ್ಲ.

ಇಲ್ಲಿ ಒಂದು ಮಾತನ್ನು ನೀವು ನೆನಪಿಡಬೇಕು. ತೋಳಿನ ಪಟ್ಟಿ ತೋರಿಸುವುದು ಎಡಗಡೆಯ ಒತ್ತಡವನ್ನು. ಶ್ವಾಸಕೋಶದ ಒತ್ತಡ ಅದರಲ್ಲಿ ಕಾಣುವುದಿಲ್ಲ. "ಬಿ.ಪಿ. ಸರಿಯಾಗಿದೆ" ಎನ್ನಿಸಿಕೊಂಡು ಮನೆಗೆ ಬಂದವರಿಗೂ ಶ್ವಾಸಕೋಶದ ನಾಳಗಳಲ್ಲಿ ಒತ್ತಡ ಏರಿರಬಹುದು.

ಈ ನಾಳಗಳಿಗೆ ಒಂದು ವಿಚಿತ್ರ ಸ್ವಭಾವವುಂಟು. ಶರೀರದ ಬೇರೆ ಕಡೆ ಪ್ರಾಣವಾಯು ಕಡಿಮೆಯಾದರೆ ರಕ್ತನಾಳ ಅಗಲವಾಗುತ್ತದೆ. ಶ್ವಾಸಕೋಶದಲ್ಲಿ ಮಾತ್ರ ಬಿಗಿಯಾಗುತ್ತದೆ. ಸ್ವೀಡನ್ನಿನ ಫಾನ್ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಎಂಬ ವಿಜ್ಞಾನಿಗಳು 1946ರಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು. ಕಬ್ಬಿನ ಹೊಲಕ್ಕೆ ನೀರು ಹಾಯಿಸುವ ರೈತನಿಗೆ ಇದು ಸುಲಭವಾಗಿ ತಿಳಿದೀತು. ಬೆಳೆಯಿಲ್ಲದ ಮಡಿಗೆ ನೀರು ಏಕೆ? ಆ ಕಾಲುವೆಯ ಬಾಯಿಗೆ ಮಣ್ಣು ಕೊಟ್ಟು ಬೆಳೆಯಿರುವ ಕಡೆಗೆ ತಿರುವುತ್ತಾನೆ. ಗಾಳಿ ಬಾರದ ಮೂಲೆಗೆ ರಕ್ತ ಕಳಿಸದೆ ಗಾಳಿಯಿರುವ ಕಡೆಗೆ ಕಳಿಸುವುದು ಶ್ವಾಸಕೋಶದ ಇಂಥದೇ ಜಾಣತನ. ಆದರೆ ಎಲ್ಲ ಮಡಿಗಳಲ್ಲಿಯೂ ಗಾಳಿ ಕಡಿಮೆಯಾದರೆ ಎಲ್ಲ ಬಾಯಿಗಳೂ ಮುಚ್ಚತೊಡಗುತ್ತವೆ. ಹಿಂದಿನ ಪಂಪು ಮಾತ್ರ ತಳ್ಳುತ್ತಲೇ ಇರಬೇಕು. ಬಹಳ ಕಾಲ ಬಿಗಿದುಕೊಂಡ ನಾಳದ ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ, ಕೊನೆಗೆ ಒಳದಾರಿಯೇ ಮುಚ್ಚುತ್ತದೆ.

ಮೊದಲು ಮಕ್ಕಳ ವಿಷಯ ನೋಡೋಣ.

ತಾಯಿಯ ಗರ್ಭದಲ್ಲಿ ಕೂಸು ಉಸಿರಾಡುವುದಿಲ್ಲ. ಅದರ ಶ್ವಾಸಕೋಶದ ನಾಳಗಳು ಬಿಗಿಯಾಗಿಯೇ ಇರುತ್ತವೆ. ಹುಟ್ಟಿ ಮೊದಲ ಸಲ ಅತ್ತಾಗ ಗಾಳಿ ಒಳಗೆ ಹೋಗಿ ನಾಳಗಳು ತೆರೆಯುತ್ತವೆ; ಮುಂದಿನ ದಿನಗಳಲ್ಲಿ, ವಾರಗಳಲ್ಲಿ ಒತ್ತಡ ಇಳಿಯುತ್ತ ಬರುತ್ತದೆ. ಕೆಲವು ಕೂಸುಗಳಲ್ಲಿ ಅದು ಇಳಿಯದೆ ಉಳಿದು ಪ್ರಾಣಕ್ಕೆ ಬರುತ್ತದೆ. ಅಂಥವಕ್ಕೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉಸಿರಿನೊಡನೆ ಕೊಡುವ ಚಿಕಿತ್ಸೆಗೆ ಅಮೆರಿಕದಲ್ಲಿ 1999ರಲ್ಲಿ ಒಪ್ಪಿಗೆ ದೊರೆಯಿತು.

ಹುಟ್ಟುವ ಸಾವಿರ ಮಕ್ಕಳಲ್ಲಿ ಎಂಟೊಂಬತ್ತಕ್ಕೆ ಗುಂಡಿಗೆಯಲ್ಲಿ ಏನಾದರೊಂದು ಹುಟ್ಟುದೋಷವಿರುತ್ತದೆ. ಬಲ ಎಡ ಕೋಣೆಗಳ ನಡುವಿನ ಗೋಡೆಯಲ್ಲಿ ತೂತು ಇರುವುದು ಅದರಲ್ಲಿ ಸಾಮಾನ್ಯ. ತೂತು ಎಂದೊಡನೆ ಹೆದರಬೇಕಾಗಿಲ್ಲ. ಸಣ್ಣ ತೂತುಗಳು ಎಷ್ಟೋ ಸಲ ತಾವಾಗಿಯೇ ಮುಚ್ಚಿಹೋಗುತ್ತವೆ. ಕೆಳಗಿನ ಕೋಣೆಗಳ ನಡುವಿನ ತೂತು ದೊಡ್ಡದಾಗಿದ್ದರೆ ಮಾತು ಬೇರೆ. ಎಡಗಡೆಯ ಒತ್ತಡ ಹೆಚ್ಚಾದುದರಿಂದ ರಕ್ತ ತೂತಿನ ಮೂಲಕ ಬಲಕ್ಕೆ ನುಗ್ಗಿ, ಶ್ವಾಸಕೋಶಕ್ಕೆ ಎರಡು ಮೂರು ಪಟ್ಟು ರಕ್ತ ಹೋಗುತ್ತದೆ. ಹುಟ್ಟಿದಾಗ ಚೆನ್ನಾಗಿದ್ದ ಕೂಸು ತಿಂಗಳೆರಡು ತಿಂಗಳಲ್ಲಿ ಏದುಸಿರು ಬಿಡತೊಡಗುತ್ತದೆ. ಹಾಲು ಕುಡಿಯುವಾಗ ದಣಿಯುತ್ತದೆ, ಬೆವರುತ್ತದೆ. ತೂಕ ಏರುವುದಿಲ್ಲ. ಮತ್ತೆ ಮತ್ತೆ ನೆಗಡಿ, ನ್ಯುಮೋನಿಯಾ.

ಇಂಥ ಕೂಸನ್ನು ವೈದ್ಯರಿಗೆ ತೋರಿಸದೆ ಬಿಟ್ಟರೆ ಏನಾಗುತ್ತದೆ? ಒಂದೆರಡು ವರುಷಗಳಲ್ಲಿ ಕೂಸು ಸುಧಾರಿಸಿದಂತೆ ಕಾಣಬಹುದು. ಏದುಸಿರು ಕಡಿಮೆಯಾಗುತ್ತದೆ, ನ್ಯುಮೋನಿಯಾ ಬರುವುದು ತಪ್ಪುತ್ತದೆ, ಮೈ ತುಸು ತುಂಬಿಕೊಳ್ಳುತ್ತದೆ. ಮನೆಯವರು ಹರಕೆ ಸಲ್ಲಿಸುತ್ತಾರೆ. ಆದರೆ ಒಳಗೆ ನಡೆದಿರುವುದೇ ಬೇರೆ. ನುಗ್ಗಿ ಬರುವ ರಕ್ತದ ಹೊಡೆತಕ್ಕೆ ಶ್ವಾಸಕೋಶದ ನಾಳಗಳು ದಪ್ಪವಾಗಿ ಬಾಯಿ ಕಟ್ಟಿಕೊಳ್ಳುತ್ತಿವೆ. ಅಲ್ಲಿ ತಡೆ ಹೆಚ್ಚಿದಂತೆ ತೂತಿನಿಂದ ನುಗ್ಗುವ ರಕ್ತ ಕಡಿಮೆಯಾಗುತ್ತದೆ. ಅದಕ್ಕೇ ದಣಿವು ಕಡಿಮೆ. ನಾವು ಸುಧಾರಣೆ ಎಂದುಕೊಂಡದ್ದು ಬೇನೆ ಬೇರೂರಿದ ಗುರುತು. ಇನ್ನೂ ಕೆಲವು ವರುಷ ಕಳೆದರೆ ಬಲಗಡೆಯ ಒತ್ತಡ ಎಡಗಡೆಯದನ್ನು ಮೀರುತ್ತದೆ. ಆಗ ಕೆಟ್ಟ ರಕ್ತವೇ ತೂತಿನ ಮೂಲಕ ಶರೀರಕ್ಕೆ ಹರಿಯುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ಬೆರಳ ತುದಿಗಳು ದುಂಡಗೆ ಊದಿಕೊಳ್ಳುತ್ತವೆ.

ವಿಕ್ಟರ್ ಐಸೆನ್‌ಮೆಂಗರ್ ಎಂಬ ವೈದ್ಯ 1897ರಲ್ಲಿ ಇಂಥ ನೀಲಿಗಟ್ಟಿದ 32 ವರುಷದ ಒಬ್ಬ ರೋಗಿಯನ್ನು ವರ್ಣಿಸಿದ. ಅರವತ್ತೊಂದು ವರುಷಗಳ ಬಳಿಕ, 1958ರಲ್ಲಿ, ಲಂಡನ್ನಿನ ಪಾಲ್ ವುಡ್ ಇದರ ಮರ್ಮವನ್ನು ಬಿಡಿಸಿಟ್ಟು, ತೂತು ಎಲ್ಲಿಯೇ ಇರಲಿ, ಕೊನೆಗೆ ಅಡ್ಡ ನಿಲ್ಲುವುದು ಶ್ವಾಸಕೋಶದ ನಾಳಗಳ ಬೇನೆಯೇ ಎಂದು ತೋರಿಸಿದ. ಅದೇ ವರುಷ ಅಮೆರಿಕದಲ್ಲಿ ಹೀತ್ ಮತ್ತು ಎಡ್ವರ್ಡ್ಸ್ ಎಂಬಿಬ್ಬರು ಈ ನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಕೆಡುಕನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿದರು. ಕೆಳಗಿನ ಮೆಟ್ಟಿಲುಗಳಲ್ಲಿ ತೂತು ಮುಚ್ಚಿದರೆ ನಾಳಗಳು ಮತ್ತೆ ಸರಿಹೋಗುವ ಆಸೆಯುಂಟು. ಮೇಲಿನ ಮೆಟ್ಟಿಲುಗಳಿಗೆ ಏರಿದ ಮೇಲೆ ಹಿಂದಿರುಗುವ ದಾರಿ ಇಲ್ಲ.

ಅಷ್ಟೇ ಆಗಿದ್ದರೆ ತಡವಾಗಿಯಾದರೂ ಮುಚ್ಚಿ ನೋಡೋಣ ಎನ್ನಬಹುದಿತ್ತು. ಆದರೆ ಆ ಹೊತ್ತಿಗೆ ತೂತು ಬಲಗಡೆಯ ಪಂಪಿಗೆ ಉಸಿರಾಡುವ ಕಿಂಡಿಯಾಗಿಬಿಟ್ಟಿರುತ್ತದೆ. ಅದನ್ನು ಮುಚ್ಚಿದರೆ ಪಂಪು ಗಡುಸಾದ ನಾಳಗಳ ಎದುರು ತಳ್ಳಲಾರದೆ ಸೋತು ನಿಲ್ಲುತ್ತದೆ. ಒಂದನೆಯ ವರುಷದಲ್ಲಿ ಮುಚ್ಚಲೇಬೇಕಾಗಿದ್ದ ತೂತನ್ನು ಇಪ್ಪತ್ತನೆಯ ವರುಷದಲ್ಲಿ ಮುಚ್ಚಕೂಡದು. ಹೊಲ ಮಾರಿ, ಸಾಲ ಮಾಡಿ, ದೊಡ್ಡ ಆಸ್ಪತ್ರೆಗೆ ಹೋದ ತಂದೆತಾಯಿಗಳು "ಆಪರೇಷನ್ ಆಗುವುದಿಲ್ಲ" ಎಂಬ ಮಾತು ಕೇಳಿ ಕುಸಿಯುತ್ತಾರೆ. ಅಲ್ಲಿ ವೈದ್ಯರ ಕೈಚಳಕಕ್ಕೆ ಕೊರತೆಯಿಲ್ಲ, ಹಣವೂ ಹೇಗೋ ಒದಗೀತು, ಕಳೆದುಹೋದದ್ದು ಕಾಲ. ಅಂಥವರೂ ಔಷಧ, ಎಚ್ಚರಿಕೆಗಳ ಬಲದಿಂದ ಬಹಳ ವರುಷ ಬಾಳುವುದುಂಟು. ಆದರೂ ತಪ್ಪಿಸಬಹುದಾಗಿದ್ದ ಕಷ್ಟ ಅದು.

ಈಗ ದೊಡ್ಡವರ ವಿಷಯ. ಅಜ್ಜಿಯ ದಮ್ಮಿಗೆ ಮರಳೋಣ.

ಅಜ್ಜಿ ಬೀಡಿ ಸೇದಿದವಳಲ್ಲ. ಹಾಗಾದರೆ ಅವಳ ಶ್ವಾಸಕೋಶ ಏಕೆ ಕೆಟ್ಟಿತು? ಇದೇ ಪ್ರಶ್ನೆ ದಿಲ್ಲಿಯ ಡಾ. ಎಸ್. ಪದ್ಮಾವತಿ ಅವರನ್ನು ಕಾಡಿತು. ಬ್ರಹ್ಮದೇಶದಲ್ಲಿ 1917ರಲ್ಲಿ ಹುಟ್ಟಿ, ನಮ್ಮ ದೇಶದ ಮೊದಲ ಹೃದ್ರೋಗ ತಜ್ಞೆ ಎನ್ನಿಸಿಕೊಂಡು, 103 ವರುಷ ಬಾಳಿ 2020ರಲ್ಲಿ ತೀರಿಕೊಂಡ ಮಹಾತಾಯಿ ಅವರು. ಶ್ವಾಸಕೋಶದ ಬೇನೆಯಿಂದ ಗುಂಡಿಗೆಯ ಬಲಗಡೆ ಸೋತ 127 ರೋಗಿಗಳನ್ನು ಅಭ್ಯಸಿಸಿ, ಅವರು ಡಾ. ಪಾಠಕ್ ಅವರೊಡನೆ 1959ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಧೂಮಪಾನ ಹೆಚ್ಚಾಗಿ ಗಂಡಸರ ಚಟ. ಆದರೂ ಈ ಬೇನೆ ಹೆಂಗಸರನ್ನು ಬಿಟ್ಟಿರಲಿಲ್ಲ, ಅವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಬರುತ್ತಿತ್ತು. ಕಾರಣವನ್ನು ಅವರು ಹುಡುಕಿದ್ದು ಅಡಿಗೆಮನೆಯಲ್ಲಿ. ಎಳೆಯ ವಯಸ್ಸಿನಿಂದ ಒಲೆಯ ಮುಂದೆ ಕುಳಿತು ಕುಡಿದ ಕಟ್ಟಿಗೆಯ ಹೊಗೆ, ಕುಳ್ಳಿನ ಹೊಗೆ ಇದರ ಹಿಂದಿದೆ ಎಂದು ಅವರು ಹೇಳಿದರು.

ನಮ್ಮ ರಾಜ್ಯದ್ದೇ ಇನ್ನೊಂದು ಅಧ್ಯಯನವನ್ನು ಹೇಳುತ್ತೇನೆ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿದ ವೈದ್ಯರು 2013ರಲ್ಲಿ ಒಂದು ಸುಲಭವಾದ ಲೆಕ್ಕವನ್ನು ಮುಂದಿಟ್ಟರು. ದಿನಕ್ಕೆ ಎಷ್ಟು ತಾಸು ಒಲೆಯ ಮುಂದೆ ಎಂಬುದನ್ನು, ಎಷ್ಟು ವರುಷ ಎಂಬುದರಿಂದ ಗುಣಿಸಿರಿ. ಗುಣಲಬ್ಧ 60 ಮುಟ್ಟಿತೆಂದರೆ ಶ್ವಾಸನಾಳಗಳಲ್ಲಿ ಬೇರೂರುವ ಕೆಮ್ಮು ಕಫದ ಬೇನೆಯ ಅಪಾಯ ಎದ್ದು ಕಾಣುತ್ತದೆ. ಮೂರು ತಾಸಿನಂತೆ ಇಪ್ಪತ್ತು ವರುಷವಾದರೆ ಅರವತ್ತಾಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದು ಒಲೆ ಹಚ್ಚಿದ ಸೊಸೆ ಮೂವತ್ತೆಂಟಕ್ಕೆ ಆ ಗಡಿ ಮುಟ್ಟುತ್ತಾಳೆ. ನಿಮ್ಮ ಮನೆಯ ಲೆಕ್ಕವನ್ನು ನೀವೇ ಮಾಡಿ ನೋಡಿರಿ.

ಹೊಗೆಯಿಂದ ಗಾಳಿಯ ದಾರಿ ಕೆಟ್ಟರೆ ರಕ್ತದ ದಾರಿಯೂ ಕೆಡುವ ಬಗೆಯನ್ನು ನೀವು ಈಗಾಗಲೇ ಬಲ್ಲಿರಿ. ಗಾಳಿ ಬಾರದ ಮಡಿಗಳ ಬಾಯಿ ಒಂದೊಂದಾಗಿ ಮುಚ್ಚುತ್ತವೆ. ಹೊಗೆ ಕೆಲವು ನಾಳಗಳನ್ನು ನೇರವಾಗಿಯೂ ಹಾಳುಮಾಡುತ್ತದೆ. ತೆಳುಗೋಡೆಯ ಪಂಪು ಮೊದಲು ದಪ್ಪವಾಗಿ ಹೋರಾಡುತ್ತದೆ, ಆಮೇಲೆ ಹಿಗ್ಗಿ ಸೋಲುತ್ತದೆ. ಸಂಜೆಗೆ ಕಾಲು ಊದುವುದು, ಹೊಟ್ಟೆ ಉಬ್ಬುವುದು, ಕೊರಳಿನ ನರ ಎದ್ದು ನಿಲ್ಲುವುದು ಅದರ ಚಿಹ್ನೆಗಳು.

ಬೀಡಿಯ ಹೊಗೆಯ ಮಾತನ್ನು ನಿಪ್ಪಾಣಿಯಲ್ಲಿ ನಿಂತು ಆಡುವುದು ಕಷ್ಟ. ತಂಬಾಕು ಈ ಭಾಗಕ್ಕೆ ಅನ್ನ ಕೊಟ್ಟ ಬೆಳೆ. ಅದಕ್ಕೆ ತಕ್ಕ ಬೆಲೆ ಸಿಗಲೆಂದು 1981ರಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತರು, ಜೀವವನ್ನೂ ತೆತ್ತರು. ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ತಾಯಂದಿರನ್ನು ಯಾರೂ ಹಗುರವಾಗಿ ಕಾಣುವಂತಿಲ್ಲ. ಆದರೂ ಹೊಟ್ಟೆಯ ಲೆಕ್ಕದ ಜೊತೆಗೆ ಉಸಿರಿನ ಲೆಕ್ಕವನ್ನೂ ಇಡಬೇಕಾಗುತ್ತದೆ. ತಂಬಾಕಿನ ಧೂಳು ಶ್ವಾಸನಾಳಗಳನ್ನು ಕೆರಳಿಸುತ್ತದೆ. ಕೆಲಸದ ವೇಳೆಗೆ ಮೂಗುಬಾಯಿಗೆ ಬಟ್ಟೆ, ಕೋಣೆಗೆ ಗಾಳಿ, ಇವಿಷ್ಟಾದರೂ ಇರಲಿ. ಸೇದುವವರು ಬಿಟ್ಟುಬಿಡುವುದು ಎಲ್ಲಕ್ಕಿಂತ ಲೇಸು. ಬಿಟ್ಟ ದಿನದಿಂದಲೇ ಶ್ವಾಸಕೋಶ ಕೆಡುವ ವೇಗ ಕಡಿಮೆಯಾಗತೊಡಗುತ್ತದೆ.

ದೊಡ್ಡವರಲ್ಲಿ ಬೇರೆ ಕಾರಣಗಳೂ ಉಂಟು. ಚಿಕ್ಕಂದಿನ ಗಂಟಲುನೋವಿನ ಬೆನ್ನಿಗೆ ಬಂದ ಕೀಲುಜ್ವರದಿಂದ ಗುಂಡಿಗೆಯ ಕವಾಟ ಕಿರಿದಾಗಿ, ಅದರ ಹಿಂದಿನ ಒತ್ತಡ ಶ್ವಾಸಕೋಶಕ್ಕೆ ಏರುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೆ ಬಂದು ಶ್ವಾಸಕೋಶದ ದಾರಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅತಿ ಎತ್ತರದ ಗಡಿಯಲ್ಲಿ ಕಾವಲಿರುವ ನಮ್ಮ ಸೈನಿಕರಲ್ಲಿಯೂ, ಪ್ರಾಣವಾಯುವಿನ ಕೊರತೆಯಿಂದ ಬಲಗಡೆಯ ಪಂಪು ಸೋಲುವುದನ್ನು ಭಾರತೀಯ ವೈದ್ಯರು 1990ರಲ್ಲಿ ವರದಿ ಮಾಡಿದರು. ಕೆಳಗಿಳಿದು ಬಂದಾಗ ಅವರು ಚೇತರಿಸಿಕೊಂಡರು. ಇನ್ನು ಯಾವ ಕಾರಣವೂ ಕಾಣದೆ ನಾಳಗಳು ತಾವೇ ದಪ್ಪವಾಗುವ ಒಂದು ವಿರಳ ಬಗೆಯುಂಟು. ಅದು ಹೆಚ್ಚಾಗಿ ಹೆಂಗಸರಿಗೆ, ಎಷ್ಟೋ ಸಲ ಹರೆಯದಲ್ಲಿಯೇ ಬರುತ್ತದೆ. ಕೆಲವು ಮನೆತನಗಳಲ್ಲಿ ವಂಶವಾಹಿಯ ಒಂದು ದೋಷ ಇದಕ್ಕೆ ಮೂಲವೆಂದು 2000ದಲ್ಲಿ ತಿಳಿದುಬಂತು. ಮೆಟ್ಟಿಲು ಹತ್ತುವಾಗ, ನೀರು ಸೇದುವಾಗ ಕಣ್ಣುಕತ್ತಲೆ ಬಂದು ಬೀಳುವ ತರುಣಿಯನ್ನು ಬರಿಯ ರಕ್ತಹೀನತೆ ಎಂದು ಬಿಡಬಾರದು. ಈ ಬೇನೆಯಿದ್ದವರಿಗೆ ಗರ್ಭಧಾರಣೆ ಪ್ರಾಣಾಪಾಯಕರ. ಅದು ಹೆರಿಗೆಯ ಹೊತ್ತಿಗೆ ತಿಳಿಯುವುದಕ್ಕಿಂತ ಮೊದಲೇ ತಿಳಿಯುವುದು ಎಷ್ಟು ಮುಖ್ಯವೆಂಬುದನ್ನು ನೀವೇ ಊಹಿಸಬಲ್ಲಿರಿ.

ಇಷ್ಟು ಒಳಗಿರುವ ಒತ್ತಡವನ್ನು ಅಳೆಯುವುದೆಂತು ಎಂಬುದು ಸಹಜವಾದ ಪ್ರಶ್ನೆ. ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ 1929ರಲ್ಲಿ ತನ್ನ ತೋಳಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯೊಂದನ್ನು ತನ್ನ ಗುಂಡಿಗೆಯವರೆಗೆ ತೂರಿಸಿಕೊಂಡು, ಕ್ಷಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದ. ಜನ ಅದನ್ನು ಹುಚ್ಚುತನ ಎಂದರು. ಅಮೆರಿಕದ ಕೂರ್ನಾಂಡ್ ಮತ್ತು ರಿಚರ್ಡ್ಸ್ ಆ ದಾರಿಯನ್ನು ಬೆಳೆಸಿದರು. 1956ರಲ್ಲಿ ಮೂವರಿಗೂ ನೊಬೆಲ್ ಬಹುಮಾನ ಬಂತು. ಇಂದು ಮೊದಲ ಪರೀಕ್ಷೆಗೆ ನಳಿಕೆ ಬೇಕಾಗಿಲ್ಲ. ಎದೆಯ ಮೇಲೆ ಯಂತ್ರವಿಟ್ಟು ಶಬ್ದತರಂಗಗಳಿಂದ ನೋಡುವ 'ಎಕೋ' ಪರೀಕ್ಷೆ ತೂತನ್ನೂ ತೋರಿಸುತ್ತದೆ, ಒತ್ತಡದ ಅಂದಾಜನ್ನೂ ಕೊಡುತ್ತದೆ. ಸೂಜಿಯಿಲ್ಲ, ನೋವಿಲ್ಲ. ನಿಖರವಾದ ಅಳತೆಗೆ ಮಾತ್ರ ನಳಿಕೆ ಬೇಕು. ಸರಾಸರಿ 25 ಮೀರಿದರೆ ಬೇನೆ ಎಂದು 1973ರಿಂದ ಲೆಕ್ಕವಿತ್ತು. 2018ರಲ್ಲಿ ತಜ್ಞರು ಆ ಗಡಿಯನ್ನು 20ಕ್ಕೆ ಇಳಿಸಿದರು. ಬೇಗ ಹಿಡಿಯಬೇಕೆಂಬುದೇ ಅದರ ಉದ್ದೇಶ.

ಔಷಧಗಳ ಕಥೆಯೂ ಆಸೆ ಹುಟ್ಟಿಸುವಂಥದು. ಕಾರಣ ಕಾಣದ ಆ ವಿರಳ ಬಗೆಯ ರೋಗಿಗಳನ್ನು ಅಮೆರಿಕದಲ್ಲಿ 1981ರಿಂದ 1985ರವರೆಗೆ ಪಟ್ಟಿಮಾಡಿ ನೋಡಿದಾಗ, ಬೇನೆ ಗೊತ್ತಾದ ಬಳಿಕ ಅರ್ಧದಷ್ಟು ಜನ 2.8 ವರುಷಗಳಲ್ಲಿ ತೀರಿಕೊಂಡಿದ್ದರು. ಆಗ ಅದಕ್ಕೆಂದೇ ಮದ್ದು ಇರಲಿಲ್ಲ. ಬಳಿಕ 1995ರಲ್ಲಿ ಎಪೊಪ್ರೊಸ್ಟೆನಾಲ್, 2001ರಲ್ಲಿ ಬೊಸೆಂಟಾನ್, 2005ರಲ್ಲಿ ಸಿಲ್ಡೆನಾಫಿಲ್ ಅಲ್ಲಿ ಒಪ್ಪಿಗೆ ಪಡೆದವು. ಇವು ಬಿಗಿದ ನಾಳಗಳನ್ನು ಸಡಿಲಿಸುತ್ತವೆ. ನಾಳದ ಗೋಡೆಯ ಅತಿಬೆಳವಣಿಗೆಯನ್ನೇ ತಡೆಯಲು ಯತ್ನಿಸುವ ಸೊಟಾಟರ್ಸೆಪ್ಟ್ ಎಂಬ ಔಷಧ 2024ರಲ್ಲಿ ಬಂದಿತು. ಆದರೆ ಎಲ್ಲ ದಮ್ಮಿಗೂ ಒಂದೇ ಮದ್ದಲ್ಲ. ಹೊಗೆಯಿಂದ ಕೆಟ್ಟ ಶ್ವಾಸಕೋಶಕ್ಕೆ ಇವು ಸಾಮಾನ್ಯವಾಗಿ ಉಪಯೋಗವಿಲ್ಲ, ಕೆಲವೊಮ್ಮೆ ಕೆಡುಕನ್ನೇ ಮಾಡಬಹುದು. ರಕ್ತದಲ್ಲಿ ಪ್ರಾಣವಾಯು ಬಹಳ ಇಳಿದ ಅಂಥವರಿಗೆ ದಿನಕ್ಕೆ 15 ತಾಸಿಗೆ ಕಡಿಮೆಯಿಲ್ಲದೆ ಪ್ರಾಣವಾಯು ಕೊಟ್ಟರೆ ಆಯುಷ್ಯ ಹೆಚ್ಚುತ್ತದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಪರೀಕ್ಷೆಗಳು ತೋರಿಸಿಕೊಟ್ಟವು. ಆದುದರಿಂದ ನೆರೆಮನೆಯವರ ಗುಳಿಗೆಯನ್ನು ಕಡ ತಂದು ನುಂಗಬೇಡಿರಿ. ಕಾರಣ ತಿಳಿದ ಮೇಲೆಯೇ ಔಷಧ.

ಇಷ್ಟೆಲ್ಲ ಹೇಳಿದ್ದು ನಿಮ್ಮನ್ನು ಹೆದರಿಸುವುದಕ್ಕಲ್ಲ. ಮನೆಯಲ್ಲಿ ನೀವು ಮಾಡಬೇಕಾದುದು ಸ್ವಲ್ಪವೇ. ಕೂಸು ಹಾಲು ಕುಡಿಯುವಾಗ ಬೆವರಿ ದಣಿದರೆ, ತೂಕ ಏರದಿದ್ದರೆ, ಮತ್ತೆ ಮತ್ತೆ ನ್ಯುಮೋನಿಯಾ ಬಂದರೆ, ಅದರ ಗುಂಡಿಗೆಯನ್ನು ಪರೀಕ್ಷಿಸಿರೆಂದು ವೈದ್ಯರನ್ನು ಕೇಳಿರಿ. ಸುಧಾರಿಸಿದಂತೆ ಕಂಡರೂ ಹೇಳಿದ ದಿನಕ್ಕೆ ಮರಳಿ ತೋರಿಸಿರಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 2013ರಲ್ಲಿ ಆರಂಭವಾಗಿದೆ. ಅಂಗನವಾಡಿಯ ಮಕ್ಕಳನ್ನು ವರುಷಕ್ಕೆ ಎರಡು ಸಲ, ಶಾಲೆಯ ಮಕ್ಕಳನ್ನು ಒಂದು ಸಲ ಪರೀಕ್ಷಿಸುವುದು ಅದರ ನಿಯಮ. ಗುಂಡಿಗೆಯ ಹುಟ್ಟುದೋಷವೂ ಆ ಪಟ್ಟಿಯಲ್ಲಿದ್ದು, ಚಿಕಿತ್ಸೆ ಉಚಿತ. ತಪಾಸಣೆಯ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿರಿ. ಗ್ಯಾಸ್ ಒಲೆಯಿದ್ದರೂ ಉಳಿತಾಯಕ್ಕೆಂದು ಕಟ್ಟಿಗೆಯ ಒಲೆಗೆ ಮರಳುವ ಮನೆಗಳುಂಟು. ಆ ಉಳಿತಾಯವನ್ನು ಅಜ್ಜಿಯ, ಸೊಸೆಯ ಉಸಿರಿನಲ್ಲಿ ತೆರಬೇಕಾಗುತ್ತದೆ. ಗ್ಯಾಸ್ ಇಲ್ಲದ ಕಡೆ ಒಲೆಗೆ ಹೊಗೆಗೂಡಾದರೂ ಇರಲಿ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಒಲೆಯ ಮುಂದೆ ಕೂಡುವುದು ಬೇಡ.

ನಿಪ್ಪಾಣಿಯಿಂದ ಉತ್ತರಕ್ಕೆ ಕೊಲ್ಹಾಪುರ, ದಕ್ಷಿಣಕ್ಕೆ ಬೆಳಗಾವಿ. ಎರಡೂ ಕಡೆ ದೊಡ್ಡ ದವಾಖಾನೆಗಳುಂಟು, ಹೆದ್ದಾರಿ ಮನೆಯ ಮುಂದೆಯೇ ಇದೆ. ದೂರವೆಂಬುದು ಈಗ ದೊಡ್ಡ ಅಡ್ಡಿಯಾಗಿ ಉಳಿದಿಲ್ಲ. ಹೊರಡುವುದಕ್ಕೆ ತಡಮಾಡಿಸುವುದು "ಏನಿಲ್ಲೋ ತಮ್ಮಾ" ಎಂಬ ಆ ಒಂದು ಮಾತು. ಮುಂದಿನ ಸಲ ಅಜ್ಜಿ ಗೋಡೆಗೆ ಕೈಕೊಟ್ಟು ನಿಂತು ಹಾಗೆಂದಾಗ, "ಹಂಗಂದ್ರ ಆಗೂದಿಲ್ಲವ್ವಾ, ಯಾಕ ಹತ್ತತೈತಿ ಅಂತ ಒಮ್ಮೆ ತೋರಿಸಿಕೊಂಡು ಬರೂಣು ನಡಿ" ಎಂದು ಹೇಳಿರಿ. ಹೋಗುವಾಗ ಕೂಸನ್ನೂ ಕರೆದುಕೊಂಡು ಹೋಗಿರಿ.